ಒಳಗೆ ಹೊಳಪಿಲ್ಲದ ಕೊಳವೆ

ಚನ್ನಪಟ್ಟಣದ ಹೆದ್ದಾರಿಯಂಚಿನಲ್ಲಿ ನಾನು ಸ್ಟುಡಿಯೋ ಇಟ್ಟು ಆಗ ಇಪ್ಪತ್ತೆರಡು ವರ್ಷ. ಉಂಗುರ, ಮೂಗುತಿಯ ಕ್ಲೋಸ್‌ಅಪ್ ಎಂದರೆ ನಾನೇ ಎಂಬ ಹೆಸರಿತ್ತು. ಆ ವರ್ಷ ರಾಮನಗರದ ದಂತವೈದ್ಯೆಯೊಬ್ಬರು ಕರೆಸಿದರು. ಅವರ ಮನೆಯಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ಅಕ್ವೇರಿಯಂ, ಅದರಲ್ಲಿ ಜೀವಂತ ಹವಳಗಳು. ಕ್ಲಿನಿಕ್ಕಿನ ಗೋಡೆಗೆ ಅವುಗಳ ಎಂಟು ಚಿತ್ರ ಬೇಕಿತ್ತು.

ಹವಳದ ಬಾಯಿ ಅಕ್ಕಿಕಾಳಿನಷ್ಟು. ಅದರ ಸುತ್ತಲಿನ ಎಳೆಗಳು ಕಾಣಬೇಕು. ಸಣ್ಣದನ್ನು ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಲೆನ್ಸ್ ಹಾಕಿ ಮೂರು ಭಾನುವಾರ ಒದ್ದಾಡಿದೆ. ನೀರು ಅಲುಗದಂತೆ ಪಂಪ್ ನಿಲ್ಲಿಸಿದೆ, ಲೆನ್ಸನ್ನು ಗಾಜಿಗೆ ನೇರವಾಗಿ ಹಿಡಿದೆ. ಆದರೂ ಪ್ರತಿ ಚಿತ್ರದಲ್ಲೂ ಹವಳದ ಮೇಲೆ ಕಿಟಕಿಯೋ ನನ್ನ ಬಿಳಿ ಅಂಗಿಯೋ ಗಾಜಿನ ಪ್ರತಿಬಿಂಬವಾಗಿ ಬಂದು ಕೂರುತ್ತಿತ್ತು.

ನಾಲ್ಕನೇ ಭಾನುವಾರ ಡಾಕ್ಟರು ಬೇರೊಂದು ಚಿತ್ರ ತೋರಿಸಿದರು. ಎಳೆ ಎಳೆಯೂ ಸ್ಪಷ್ಟ. ತೆಗೆದವನು ಅವರ ಕ್ಲಿನಿಕ್ಕಿಗೂ ಗೊಂಬೆ ಕೊಡುತ್ತಿದ್ದ ನಮ್ಮೂರಿನ ಗೊಂಬೆ ತಯಾರಕ ಇಲಿಯಾಸ್. ಗೊಂಬೆಗಳ ಫೋಟೊ ತೆಗೆಯಲು ಅವನ ಬಳಿ ಒಂದು ಹಳೆಯ ಕ್ಯಾಮೆರಾ ಇತ್ತು, ಅಷ್ಟೆ.

"ಲೆನ್ಸಿನ ಮುಂದೆ ಮರದ ಕೊಳವೆ ಸಿಕ್ಕಿಸಿ ಗಾಜಿಗೆ ಒತ್ತಿ ಹಿಡಿದ್ರು. ನಾಲ್ಕೇ ನಿಮಿಷ!" ಎಂದರು ಡಾಕ್ಟರು. "ಮುಂದಿನ ಭಾನುವಾರ ನಿಮ್ಮಿಂದ ಆಗದಿದ್ರೆ ಕೆಲಸ ಅವರಿಗೇ ಕೊಡ್ತೀನಿ."

ನನಗೆ ಹೊಟ್ಟೆ ಉರಿಯಿತು. ಅವನನ್ನು ಕೇಳುವುದೇ? ಸತ್ತರೂ ಇಲ್ಲ ಎಂದುಕೊಂಡು ಗುಟ್ಟಾಗಿ ಬೇರೊಂದು ಗೊಂಬೆ ಕಾರ್ಖಾನೆಯಲ್ಲಿ ಅಂಥದೇ ಕೊಳವೆ ಮಾಡಿಸಿದೆ. ಹೊಳಪಿಲ್ಲದ ಮರವನ್ನು ನಮ್ಮೂರಿನಲ್ಲಿ ಯಾರೂ ಗಿರಾಕಿಯ ಕೈಗೆ ಕೊಡುವುದಿಲ್ಲ. ಒಳಗೂ ಹೊರಗೂ ಕಪ್ಪು ಅರಗು ಹಚ್ಚಿ ಕನ್ನಡಿಯಂತೆ ಮಿಂಚಿಸಿಕೊಟ್ಟರು. ಅವನದ್ದನ್ನು ನೋಡದೆಯೇ, ಅದಕ್ಕಿಂತ ಚೆಂದ ಎಂದು ಬೀಗಿದೆ.

ಭಾನುವಾರ ಕಿಟಕಿಯೂ ಅಂಗಿಯೂ ಮಾಯವಾದವು. ಬದಲಿಗೆ ಪ್ರತಿ ಹವಳದ ಸುತ್ತ ಒಂದು ಬೆಳ್ಳಗಿನ ಬಳೆ! ಮಧ್ಯಾಹ್ನದವರೆಗೆ ಹಟ ಹಿಡಿದು ತೆಗೆದೆ, ಬಳೆ ಹೋಗಲಿಲ್ಲ. ಕೊನೆಗೆ ಬೈಕ್ ಹತ್ತಿ ಇಲಿಯಾಸನ ಅಂಗಳಕ್ಕೇ ಹೋದೆ.

ಕೊಳವೆ ನೋಡುತ್ತಲೇ ಅವನಿಗೆ ಎಲ್ಲ ಗೊತ್ತಾಯಿತು. "ಒಳ್ಗಡೆಗೂ ಅರಗು ಹಾಕ್ಸ್‌ಬುಟ್ಟಿದ್ದೀಯಲ್ಲಣ್ಣ! ತೊಟ್ಟಿ ಲೈಟೆಲ್ಲಾ ಅದ್ರಲ್ಲೇ ಮಿಂಚ್ತೈತೆ" ಎಂದು ನಕ್ಕ. ಗೊಂಬೆ ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಒಳಗಿನ ಹೊಳಪನ್ನೆಲ್ಲ ಹೆರೆದ. ಬೆರಳಲ್ಲಿ ಸ್ವಲ್ಪ ಮಸಿ ತೀಡಿದ. "ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಆ ನಗುವಿನಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು.

ರಾಮನಗರಕ್ಕೆ ಮರಳುವಷ್ಟರಲ್ಲಿ ಹೊತ್ತು ಮೀರಿತ್ತು; ಸಂಜೆಯೊಳಗೆ ನನಗೆ ಸಿಕ್ಕಿದ್ದು ಒಂದೇ ಒಳ್ಳೆಯ ಚಿತ್ರ. ಉಳಿದ ಏಳನ್ನು ಡಾಕ್ಟರು ಅವನಿಂದಲೇ ತೆಗೆಸಿದರು. ಇನ್ನೊಬ್ಬರ ಕೆಲಸವನ್ನು ಕದ್ದು ಕಲಿಯಹೋದರೆ ಹೊರಗಿನದಷ್ಟೇ ಕೈಗೆ ಬರುತ್ತದೆ ಎಂದು ವೃತ್ತಿ ನನಗೆ ಕಲಿಸಿದ್ದು ಹೀಗೆ. ಆ ಕೊಳವೆ ಈಗಲೂ ನನ್ನ ಕ್ಯಾಮೆರಾ ಚೀಲದಲ್ಲಿದೆ. ಹಲ್ಲುನೋವೆಂದು ಆ ಕ್ಲಿನಿಕ್ಕಿಗೆ ಹೋದಾಗಲೂ ನಾನು ಕೂರುವುದು ಅವನ ಏಳು ಚಿತ್ರಗಳಿಗೆ ಬೆನ್ನು ಮಾಡಿ.