ಕೇದಾರಕ್ಕೆ ಹೋಗದ ಅಮರಕ್ಕ

ಸಿಂಧನೂರಿನ ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್ ತೊಟ್ಟು ಅಂಗಡಿಗೆ ಹೋಗುತ್ತಿದ್ದವಳು ನಾನು ಕಂಡಂತೆ ಅಮರಕ್ಕ ಒಬ್ಬಳೇ. ನಾಯಿಗಳೂ ಚರಂಡಿಯ ತೇವ ಹುಡುಕಿ ಮಲಗುವ ಹೊತ್ತಿನಲ್ಲಿ ಅವಳು ಇಳಕಲ್ ಸೀರೆಯ ಮೇಲೆ ಕೆಂಪು ಸ್ವೆಟರ್ ಹಾಕಿ, ಗುಂಡಿಗಳನ್ನು ಕತ್ತಿನವರೆಗೆ ಬಿಗಿದು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಬೀದಿಯ ನಡುವೆಯೇ ನಡೆಯುತ್ತಿದ್ದಳು. ಆಟೋದವರು ಹಾರ್ನ್ ಹೊಡೆದು ನಗುತ್ತಿದ್ದರು. ತಡೆಯಲಾರದೆ ಒಂದು ದಿನ ಕೇಳಿಯೇಬಿಟ್ಟೆ.

“ಅಕ್ಕಾ, ಈ ಬಿಸಿಲಾಗ ಸ್ವೆಟರ್ ಯಾಕ?”

“ಹೊಸ ಚಪ್ಪಲಿ ಮೊದಲ ಕಚ್ಚತಾವ ಇಲ್ಲೋ? ನಾಕ ದಿನ ಹಾಕ್ಕೊಂಡು ತಿರುಗಿದ್ರ ಹೊಂದಿಕೊಂತಾವ. ಇದೂ ಹಂಗ. ಅಲ್ಲಿ ಹೋದಮ್ಯಾಗ ಮೈ ಕಡೀತೈತಿ ಅಂತ ಕುಂತ್ರ ಯಾರ ಕೇಳ್ತಾರ?”

‘ಅಲ್ಲಿ’ ಎಂದರೆ ಲಡಾಖ್. ಹೊರಡುವ ಹೊತ್ತಿಗೆ ಆ ಸ್ವೆಟರ್ ಬೆವರು ಕುಡಿದು ಜಾಳುಜಾಳಾಗಿತ್ತು, ಇನ್ನೊಂದನ್ನು ಕೊಳ್ಳಬೇಕಾಯಿತು. ತಾನು ಮಾಡಿದ್ದು ತಪ್ಪು ಎಂದು ಅವಳು ಕೊನೆಗೂ ಒಪ್ಪಲಿಲ್ಲ. ನೂಲೇ ಖರಾಬಿತ್ತು ಎಂದು ಅಂಗಡಿಯವನನ್ನು ಬೈದಳು.

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಟೀಚರು. ಇರುವುದು ಸಿಂಧನೂರಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಬಾಡಿಗೆ ಮನೆಯ ಪಕ್ಕದ್ದೇ ಅಮರಕ್ಕನ ಮನೆ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ರೈಸ್ ಮಿಲ್ಲುಗಳ ಸಾಲಿನಲ್ಲಿ ಅವಳದೊಂದು ಗೋಣಿಚೀಲದ ಅಂಗಡಿ. ಹರಿದ ಚೀಲ ಕೊಂಡು, ಹೊಲಿದು, ಮತ್ತೆ ಮಿಲ್ಲಿನವರಿಗೆ ಮಾರುತ್ತಿದ್ದಳು. ಕೆಲಸಕ್ಕೆ ಇಬ್ಬರು ಹೆಂಗಸರಿದ್ದರೂ ತಾನೂ ದಬ್ಬಣ ಹಿಡಿದು ದೂಳಿನ ನಡುವೆ ಕೂತೇ ಇರುತ್ತಿದ್ದಳು. ಮಿಲ್ಲಿನ ಗುಮಾಸ್ತನೊಬ್ಬ “ಏ ಮುದುಕಿ” ಎಂದು ಕರೆದಾಗ, ಅವನು “ಅಮರಮ್ಮನೋರೇ” ಅನ್ನುವ ತನಕ ತಲೆಯನ್ನೇ ಎತ್ತಿರಲಿಲ್ಲ. ಪಾಪ, ಒಬ್ಬಂಟಿ ಹೆಂಗಸು ಎಂದು ಯಾರಾದರೂ ಕನಿಕರ ತೋರಿಸಲು ಬಂದರೆ ಅವರಿಗೆ ಒಂದೇ ಉತ್ತರ: “ಹರದಿದ್ದು ಚೀಲ ಐತ್ರೀ, ನಾ ಅಲ್ಲ.”

ಅಕ್ಕಿ ತುಂಬಲು ಬಂದ ಉತ್ತರದ ಕಡೆಯ ಲಾರಿ ಡ್ರೈವರೊಬ್ಬ ಅವಳ ಅಂಗಡಿಯ ನೆರಳಿನಲ್ಲಿ ಕೂತು ಮೊಬೈಲಿನಲ್ಲಿ ಲಡಾಖಿನ ವಿಡಿಯೋ ತೋರಿಸಿದ್ದೇ ಇದಕ್ಕೆಲ್ಲ ಮೂಲ. ಹಿಮ, ಬೋಳು ಗುಡ್ಡ, ಗುಡ್ಡದ ಮೇಲೊಂದು ಹಳೆಯ ಅರಮನೆ, ನಡುವೆ ನೀಲಿ ಸರೋವರ. ಅವನು ಹೊರಟುಹೋದ. ಅಮರಕ್ಕ ಮಾತ್ರ ಆ ವಿಡಿಯೋದಲ್ಲೇ ಸಿಕ್ಕಿಬಿದ್ದಳು. ಸಂಜೆ ನಮ್ಮ ಮನೆಗೆ ಬಂದು, “ಗಿರಿಜಾ, ನಿನಗ ದಸರಾಕ್ಕ ಸೂಟಿ ಇರತಾವ ಇಲ್ಲೋ? ನನ್ನ ಜೊತಿಗೆ ಬಾ” ಎಂದಳು. ಕೇಳಿದ್ದಲ್ಲ, ಹೇಳಿದ್ದು.

ನಮ್ಮ ಕಡೆ ಹೆಂಗಸರು ದೂರ ಹೋಗಬಾರದು ಅಂತೇನಿಲ್ಲ. ಕಾಶಿಗೆ, ಶ್ರೀಶೈಲಕ್ಕೆ, ಕೇದಾರಕ್ಕೆ ಎನ್ನಲಿ, ಓಣಿಗೆ ಓಣಿಯೇ ಹಾರ ಹಾಕಿ ಬಸ್ ಸ್ಟ್ಯಾಂಡಿನ ತನಕ ಕಳಿಸಿ ಬರುತ್ತದೆ. ತನ್ನ ಹೆಸರಲ್ಲಿ ಹುಂಡಿಗೆ ಹಾಕು ಎಂದು ಕೈಯಲ್ಲಿ ಚಿಲ್ಲರೆ ಇಡುತ್ತದೆ. ತಿರುಗಿ ಬಂದಾಗ ಕಾಲಿಗೆ ಬೀಳುತ್ತದೆ. ಅದೇ ಕಾಲು, ಅದೇ ರೈಲು, ಬರೀ ಊರು ನೋಡಲು ಎಂದರೆ ಮಾತ್ರ ತಿರುಗಾಟ. ಹೆಂಗಸರ ಪಾಲಿಗೆ ದೇವರು ಬಸ್ ಪಾಸ್ ಇದ್ದ ಹಾಗೆ, ತೋರಿಸದಿದ್ದರೆ ಇಳಿಸಿಬಿಡುತ್ತಾರೆ. ಅಮರಕ್ಕ ಆ ಪಾಸು ಬೇಡ ಎಂದಳು.

ಸುದ್ದಿ ತಿಳಿದು ಲಿಂಗಸುಗೂರಿನಿಂದ ಅವಳ ತಮ್ಮ ವೀರಭದ್ರಪ್ಪ ಬಂದ. ಅಲ್ಲಿ ಅವನದು ಸಿಮೆಂಟು, ಕಬ್ಬಿಣದ ವ್ಯಾಪಾರ. ಕೆಟ್ಟವನಲ್ಲ, ಮಂದಿಯ ಬಾಯಿಗೆ ಬಹಳ ಅಂಜುವ ಮನುಷ್ಯ. ನಾನೂ ಅಂಗಡಿಯಲ್ಲೇ ಇದ್ದೆ.

“ಅಕ್ಕಾ, ಹೋಗಬ್ಯಾಡ ಅನ್ನಂಗಿಲ್ಲ ನಾ. ಕೇದಾರಕ್ಕ ಹೊಂಟೀನಿ ಅನ್ನು. ನಾನೇ ಹಾರ ಹಾಕಿ ಕಳಸ್ತೀನಿ. ಮುಂದ ನಿನಗ ಬೇಕಾದ ಕಡಿ ಹೋಗಿ ಬಾ. ಯಾರ ನೋಡಾಕ ಬರ್ತಾರ?”

“ನಾ ಕೇದಾರಕ್ಕ ಹೊಂಟಿಲ್ಲಲ್ಲೋ.”

“ಗಂಡಿಲ್ಲದ ಹೆಣಮಗಳು ಸುಮ್ನ ಊರು ನೋಡಾಕ ಹೋಗ್ಯಾಳ ಅಂದ್ರ ಮಂದಿ ಏನಂತಾರ? ನನ್ನ ಮಗಳ ಮದಿವಿ ಮಾತು ನಡದೈತಿ.”

ಅಮರಕ್ಕ ದಬ್ಬಣ ಕೆಳಗಿಟ್ಟಳು. “ಮಸ್ಕಿಯೊಳಗ ಅಶೋಕನ ಕಲ್ಲು ನೋಡಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ. ಕ್ಯಾಮೆರಾ ಹಿಡಕೊಂಡು ಹೆಣಮಕ್ಕಳೂ ಬರ್ತಾರ. ಯಾವ ದೇವರಿಗೆ ಬಂದಿಯವ್ವಾ ಅಂತ ಅವರನ್ನ ಕೇಳೀಯೇನು ನೀ? ಅವರು ನಮ್ಮೂರು ನೋಡಬಹುದು, ನಾ ಅವರೂರು ನೋಡಬಾರದೇನು?”

“ಹಂಗಾದ್ರ ನನ್ನ ಮನಿ ಬಾಗಿಲಿಗೆ ಬರಬ್ಯಾಡ” ಎಂದು ವೀರಭದ್ರಪ್ಪ ಎದ್ದ. ಅವಳು ತಡೆಯಲಿಲ್ಲ. ಅವನು ಹೋದ ಮೇಲೆ ಹೊಲಿದ ಚೀಲಕ್ಕೇ ಮತ್ತೊಮ್ಮೆ ಹೊಲಿಗೆ ಹಾಕುತ್ತ ಬಹಳ ಹೊತ್ತು ಕೂತಿದ್ದಳು. ಇದ್ದೊಬ್ಬ ತಮ್ಮ ಅವನು. ಎತ್ತಿ ಆಡಿಸಿ ಬೆಳೆಸಿದವಳು ಇವಳೇ.

ಹೊರಡುವ ಹಿಂದಿನ ದಿನ ಓಣಿಯ ಹೆಂಗಸರು ರೂಢಿಯಂತೆ ಹುಂಡಿಯ ಚಿಲ್ಲರೆ ತಂದರು. ಎಲ್ಲರಿಗೂ ಅದನ್ನು ವಾಪಸು ಕೊಟ್ಟು, “ನಾ ನೋಡಾಕ ಹೊಂಟೀನಿ. ಯಾತ್ರಾ ಅಲ್ಲ” ಎಂದಳು. ಬಸ್ ಸ್ಟ್ಯಾಂಡಿಗೆ ಯಾರೂ ಬರಲಿಲ್ಲ.

ದಿಲ್ಲಿ ದಾಟಿ, ಮನಾಲಿಯಿಂದ ಬಾಡಿಗೆ ಜೀಪಿನಲ್ಲಿ ಹಿಮದ ಘಾಟಿಗಳನ್ನು ಹತ್ತಿಳಿದು ಲೇಹ್ ಪಟ್ಟಣ ಮುಟ್ಟುವಷ್ಟರಲ್ಲಿ ನನ್ನ ತಲೆ ಒಡೆದು ಹೋಗುವಂತಿತ್ತು. ಅಮರಕ್ಕನ ತುಟಿ ನೀಲಿಗಟ್ಟಿತ್ತು. ಆದರೂ ಎರಡು ದಿನ ಮಲಗಿ ಸುಧಾರಿಸಿಕೊಂಡವಳೇ ಹಳೆಯ ಅರಮನೆ ಹತ್ತುತ್ತೇನೆಂದು ಹೊರಟಳು. ಮಣ್ಣಿನ ಮನೆಗಳ ಸಂದಿಗೊಂದಿಗಳಲ್ಲಿ ಕೂತು, ಎದ್ದು, ಮತ್ತೆ ಕೂತು ಮೇಲೆ ಮುಟ್ಟಿದಳು. ಅರಮನೆಯ ಗೋಡೆಗೆ ಅಂಗೈ ಹಚ್ಚಿ, “ನಮ್ಮ ಮುದಗಲ್ ಕೋಟಿ ಕಲ್ಲಿಂದು. ಇದು ನೋಡು, ಮಣ್ಣು ಕಟಿಗಿ ಮ್ಯಾಲೆ ನಿಂತೈತಿ. ಏನ್ ಸೊಕ್ಕು ಇದಕ್ಕ” ಎಂದಳು. ಸೊಕ್ಕು ಅವಳ ಬಾಯಲ್ಲಿ ಹೊಗಳಿಕೆಯ ಮಾತು.

ಸಿಂಧನೂರಿನಿಂದ ಜೋಳದ ಹಿಟ್ಟು ಹೊತ್ತು ತಂದಿದ್ದಳು. ನಾವು ಇಳಿದುಕೊಂಡಿದ್ದ ಮನೆಯ ಒಡತಿಯನ್ನು ನಮ್ಮ ಕಡೆಯ ಉರ್ದುವಿನಲ್ಲಿ ಒಲಿಸಿಕೊಂಡು ಅಡುಗೆಮನೆ ಹೊಕ್ಕಳು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿದರೇನೇ ಜಿಗಿ ಬರುವುದು, ರೊಟ್ಟಿ ಒಂದಾಗಿ ನಿಲ್ಲುವುದು. ಆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ನಮ್ಮಲ್ಲಿಯಷ್ಟು ಬಿಸಿಯಾಗಿರುವುದಿಲ್ಲ ಎಂದು ನಾನು ಹೇಳಿದೆ. “ನೀ ಸಾಲ್ಯಾಗ ಪಾಠ ಹೇಳು” ಎಂದು ಬಾಯಿ ಮುಚ್ಚಿಸಿದಳು. ರೊಟ್ಟಿ ಬಡಿಯುತ್ತಿದ್ದಂತೆ ಅಂಚು ಸೀಳಿತು. ಎತ್ತಲು ಹೋದರೆ ಮುರಿಯಿತು. ಇನ್ನೊಂದು ಬಡಿದಳು, ಅದೂ ಮುರಿಯಿತು. ಹಿಟ್ಟು ಮುಗಿಯುವ ತನಕ ಬಿಡಲಿಲ್ಲ. ಕೊನೆಗೆ ಚೂರುಗಳನ್ನೇ ಬೇಯಿಸಿ ಬೇಳೆಯ ಜೊತೆ ಬಡಿಸಿದಳು. ಆ ಮನೆಯೊಡತಿ ಎರಡು ಸಲ ಹಾಕಿಸಿಕೊಂಡು ತಿಂದಳು. ನಾನು ನಕ್ಕದ್ದನ್ನು ಕಂಡು ಅಮರಕ್ಕ, “ಸೋತಿಲ್ಲ ನಾ. ರೊಟ್ಟಿ ಮುರದೈತಿ ಅಷ್ಟ” ಎಂದಳು.

ಆಮೇಲೆ ಸರೋವರಕ್ಕೆ ಹೋದೆವು. ದಾರಿಯುದ್ದಕ್ಕೂ ಒಂದು ಗಿಡವಿಲ್ಲ, ಮನೆಯಿಲ್ಲ. ಜೀಪು ನಿಂತಾಗ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಗುಡ್ಡಗಳ ನಡುವೆ ಆ ನೀಲಿ ನೀರು ಕಂಡದ್ದೇ ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು. ಅಮರಕ್ಕ ಅವನ್ನು ಹಿಡಿದು ಕೆಳಗಿಳಿಸಿದಳು.

“ಕೈ ಮುಗಿಬ್ಯಾಡ. ಮುಗದ್ರ ಕಣ್ಣು ಮುಚ್ಚತಾವ. ಸುಮ್ನ ನೋಡು.”

ಕಲ್ಲಿನ ಮೇಲೆ ಕೂತಳು. ಮೂಗು ಸೋರುತ್ತಿತ್ತು, ಬೆರಳು ಸೆಟೆದಿದ್ದವು, ಏಳೆಂದರೆ ಏಳಲಿಲ್ಲ. ಕೂತಲ್ಲಿಂದಲೇ ಹೇಳಿದಳು: “ಇಷ್ಟ ದೊಡ್ಡ ಜಾಗಾ ಸುಮ್ನ ಬಿದ್ದೈತಿ. ಯಾರಿಗೂ ಏನೂ ಮಾಡಿಕೊಡಂಗಿಲ್ಲ. ಚೊಲೋ ಐತಿ ಬಿಡು.” ನನಗೆ ಅವಳ ಮೇಲೆ ಹೊಟ್ಟೆಕಿಚ್ಚು, ಪ್ರೀತಿ ಎರಡೂ ಒಟ್ಟಿಗೇ ಬಂದವು. ಹಾಗೆ ಬರೀ ನೋಡುತ್ತ ಕೂರುವುದು ನನಗೆ ಯಾವತ್ತೂ ಬಂದಿರಲಿಲ್ಲ.

ಊರಿಗೆ ಮರಳಿದರೆ ಓಣಿಯ ಹೆಂಗಸರು ಕಾಲಿಗೆ ಬೀಳಲು ಬಂದರು. ಅವಳು ಕೇದಾರಕ್ಕೆ ಹೋಗಿದ್ದಾಳೆಂದು ವೀರಭದ್ರಪ್ಪ ಎಲ್ಲ ಕಡೆ ಸುದ್ದಿ ಹಬ್ಬಿಸಿದ್ದ. ಅಮರಕ್ಕ ಸೀರೆಯೊಳಗೆ ಕಾಲು ಎಳೆದುಕೊಂಡು ಒಬ್ಬೊಬ್ಬರಿಗೂ ನಿಜ ಹೇಳಿದಳು. ಕೆಲವರು ಮುಖ ಸಿಂಡರಿಸಿದರು.

ಮಗಳ ಮದುವೆಗೆ ವೀರಭದ್ರಪ್ಪ ತಾನೇ ಬಂದು ಕರೆದ. ಸಿಟ್ಟು ಇಳಿದಿದೆ ಎಂದು ಅವಳು ಹಿಗ್ಗಿ, ನನ್ನನ್ನೂ ಕರೆದುಕೊಂಡು ಹೋದಳು. ಲಿಂಗಸುಗೂರಿನ ಕಲ್ಯಾಣ ಮಂಟಪದಲ್ಲಿ ಅವನು ಬೀಗರ ಹಿರಿಯರೊಬ್ಬರ ಮುಂದೆ, “ನಮ್ಮಕ್ಕ. ಕೇದಾರ ಮುಗಿಸಿ ಬಂದಾಳ” ಎಂದ. ಆ ಹಿರಿಯರು ಪೇಟ ಸರಿಪಡಿಸಿಕೊಂಡು ಬಗ್ಗಿದರು. ಅಮರಕ್ಕ ಒಮ್ಮೆ ತಮ್ಮನ ಮುಖ ನೋಡಿದಳು. ಸುಮ್ಮನಿದ್ದರೆ ತಮ್ಮ ಉಳಿಯುತ್ತಿದ್ದ.

“ಬೀಳಬ್ಯಾಡ್ರೀ ಯಜಮಾನ್ರ. ನಾ ಕೇದಾರಕ್ಕ ಹೋಗಿಲ್ಲ. ಲಡಾಖ್ ನೋಡಿ ಬಂದೀನಿ.”

ಆ ಹಿರಿಯರು ನೆಟ್ಟಗಾಗಿ, “ಅಲ್ಲಿ ಥಂಡಿ ಬಹಳೇನ್ರೀ?” ಎಂದಷ್ಟೇ ಕೇಳಿದರು. ಮದುವೆ ಸರಾಗವಾಗಿ ನಡೆಯಿತು. ವೀರಭದ್ರಪ್ಪ ಮಾತ್ರ ಅಲ್ಲಿಂದ ಅಕ್ಕನ ಜೊತೆ ಮಾತು ಬಿಟ್ಟ. ಅವಳು ಹಬ್ಬಹಬ್ಬಕ್ಕೂ ಫೋನ್ ಮಾಡುತ್ತಿದ್ದಳು, ಅವನು ಎತ್ತುತ್ತಿರಲಿಲ್ಲ. ಅದು ಅವಳಿಗೆ ನೋಯುತ್ತಿತ್ತು. ಆದರೆ ಆಡಿದ ಮಾತಿಗೆ ಅವಳು ಪಶ್ಚಾತ್ತಾಪಪಟ್ಟದ್ದನ್ನು ನಾನು ಕಾಣೆ.

ಹೋದ ವರ್ಷ ಅಮರಕ್ಕ ಜ್ವರದಲ್ಲಿ ತೀರಿಕೊಂಡಳು. ವೀರಭದ್ರಪ್ಪ ಓಡಿ ಬಂದು, ಮಣ್ಣು ಮಾಡುವಾಗ ಮಗುವಿನ ಹಾಗೆ ಅತ್ತ. ದಿನದ ಕಾರ್ಯವನ್ನು ಲಿಂಗಸುಗೂರಿನ ತನ್ನ ಮನೆಯಲ್ಲೇ ಮಾಡಿದ. ಊಟಕ್ಕೆ ಮೊದಲು ಅವರ ಪೈಕಿಯ ಹಿರಿಯರೊಬ್ಬರು ಎದ್ದು ನಿಂತು, ಕೇದಾರದ ದರ್ಶನ ಪಡೆದು ಪಾವನವಾದ ಜೀವ ಎಂದು ಶುರುಮಾಡಿದರು.

ನಾನು ಎದ್ದೆ. “ತಡೀರಿ. ಆಕಿ ಕೇದಾರಕ್ಕ ಹೋಗಿಲ್ಲ. ಲಡಾಖ್ ನೋಡಾಕ ಹೋಗಿದ್ಲು. ಜೊತಿಗೆ ನಾ ಇದ್ದೆ.”

“ಸತ್ತವರ ಕಾರ್ಯದಾಗ ಇದೆಲ್ಲ ಯಾಕ್ರೀ ಟೀಚರ?” ವೀರಭದ್ರಪ್ಪ ಎದ್ದು ನನ್ನ ಕಡೆ ಬಂದ. “ಆಕಿಗೆ ಪುಣ್ಯ ಬಂದ್ರ ನಿಮಗೇನ್ ನಷ್ಟ?”

“ಆಕಿ ಪುಣ್ಯ ಕೇಳಿಲ್ರೀ. ನೋಡಿ ಬಂದಿದ್ದು ಆಕಿದು. ಅದನ್ನ ತಗೊಂಡು ಬ್ಯಾರೆ ಹೆಸರು ಇಡಬ್ಯಾಡ್ರಿ.”

ಹಿರಿಯರು ಕೂತರು. ಊಟಕ್ಕೆ ಎಲೆ ಹಾಕಿದರು. ಪಂಕ್ತಿಯಲ್ಲಿ ಬಡಿಸುತ್ತಿದ್ದ ವೀರಭದ್ರಪ್ಪನ ಹೆಂಡತಿ ಸಾರಿನ ಬಕೆಟ್ ಹಿಡಿದುಕೊಂಡೇ ನನ್ನ ಎಲೆಯ ಮುಂದೆ ಬಂದು ನಿಂತಳು. ಆ ಮನೆಯಲ್ಲಿ ಅವಳ ದನಿಯನ್ನು ನಾನು ಅದುವರೆಗೂ ಕೇಳಿರಲಿಲ್ಲ. ಅವಳೂ ನನ್ನನ್ನು ಬೈಯಲಿದ್ದಾಳೆ ಎಂದುಕೊಂಡೆ.

“ಟೀಚರ, ಅಲ್ಲಿಗೆ ಹೋಗಾಕ ಯಾವ ತಿಂಗಳ ಚೊಲೋರೀ?” ಎಂದಳು.

“ದಸರಾ ಸೂಟಿಯೊಳಗ ಚೊಲೋ” ಎಂದೆ. ವೀರಭದ್ರಪ್ಪನಿಗೆ ಕೇಳುವಷ್ಟು ಜೋರಾಗಿಯೇ ಎಂದೆ.