ಕಿರುಬೆರಳಿನ ಬುದ್ಧಿ

ನಾನು ಗಿಟಾರು ಕಲಿತದ್ದು ಸಂಗೀತದ ಮೇಲಿನ ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ಸಿಟ್ಟಿನಿಂದ ಕಲಿತೆ. ಪ್ರೀತಿ ಆಮೇಲೆ ಬಂತು, ಅದೂ ಬಲಗೈ ಸಾಕಷ್ಟು ಅವಮಾನಪಟ್ಟ ಮೇಲೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಮದರಾಸಿನ ಹೊರಗೆ, ತಾಂಬರಂನಲ್ಲಿದ್ದೆವು. ಅಪ್ಪ ಗಿಂಡಿಯ ಒಂದು ಕಾರ್ಖಾನೆಯಲ್ಲಿ ಹೆಡ್ ಕ್ಲರ್ಕು, ನಾನು ಗಿಂಡಿಯಲ್ಲೇ ಇನ್ನೊಂದು ಆಫೀಸಿನಲ್ಲಿ ಟೈಪಿಸ್ಟು. ದಿನವಿಡೀ ಟೈಪು ಹೊಡೆದು, ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತು ಬಂದವಳು ಸಂಜೆ ವೀಣೆಯ ಮುಂದೆ ಕೂರಬೇಕು. ಯಾಕೆ? ಹೆಣ್ಣು ನೋಡಲು ಬರುವವರ ಮುಂದೆ ಎರಡು ಕೀರ್ತನೆ ನುಡಿಸುವುದಕ್ಕೆ. ಹತ್ತು ವರ್ಷದ ಪಾಠ. ಮೂರು ಕಡೆಯವರು ಬಂದು, ಕೇಳಿ, ಕೇಸರಿಬಾತು ತಿಂದು ಹೋಗಿದ್ದರು. ಮೂರನೆಯವರಂತೂ ನಾನು ನುಡಿಸುತ್ತಿರುವಾಗಲೇ ಗೋಡೆಯ ಮೇಲಿನ ಫೋಟೋಗಳಲ್ಲಿ ಯಾರು ಯಾರು ಎಂದು ವಿಚಾರಿಸತೊಡಗಿದರು. ಅವತ್ತು ರಾತ್ರಿ ಅಮ್ಮನಿಗೆ ಹೇಳಿದೆ, ಇನ್ನು ಯಾರು ಬಂದರೂ ನಾನು ವೀಣೆ ಮುಟ್ಟುವುದಿಲ್ಲ ಅಂತ.

ಆ ವೀಣೆ ನನ್ನದೂ ಅಲ್ಲ, ಅತ್ತೆಯದು. ಅತ್ತೆ ಎಂದರೆ ಅಪ್ಪನ ಅಕ್ಕ. ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬಂದ ವಾರವೇ ತಾತ ವೀಣೆಗೆ ಹಳೆ ಪಂಚೆ ಸುತ್ತಿ ಅಟ್ಟಕ್ಕೆ ಹಾಕಿದರಂತೆ. ನನಗೆ ಕಲಿಸಲು ಅದನ್ನು ಕೆಳಗಿಳಿಸಿದಾಗಲೂ ಅತ್ತೆ ಮುಟ್ಟಲಿಲ್ಲ. ವೀಣೆ ಮೇಷ್ಟ್ರು ಪಾಠ ಹೇಳುವಾಗ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ನಾನು ಎಲ್ಲಾದರೂ ತಪ್ಪಿದರೆ ಈಳಿಗೆಮಣೆಯ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು. ಮೇಷ್ಟ್ರಿಗೆ ಗೊತ್ತಾಗುವ ಮೊದಲೇ ಅತ್ತೆಗೆ ಗೊತ್ತಾಗಿರುತ್ತಿತ್ತು.

ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಆಂಗ್ಲೋ ಇಂಡಿಯನ್ ದಂಪತಿ ಇದ್ದರು. ಗಂಡ ರಿಟೈರಾದ ಎಂಜಿನ್ ಡ್ರೈವರು. ಅವರ ತಾತ ಐರ್ಲೆಂಡಿನಿಂದ ಪಲ್ಟನ್ನಿನ ಜೊತೆ ಬಂದವನಂತೆ. ಆತ ಬಿಟ್ಟುಹೋದ ಆಸ್ತಿ ಅಂದರೆ ಒಂದು ಪಿಟೀಲು ಮತ್ತು ಮೂವತ್ತೋ ನಲವತ್ತೋ ಕುಣಿತದ ಮಟ್ಟುಗಳು. ಅವಕ್ಕೆ ಜಿಗ್ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಸಂಜೆ ವೆರಾಂಡದಲ್ಲಿ ಕೂತು, ಪಿಟೀಲನ್ನು ಎದೆಗೆ ಆನಿಸಿಕೊಂಡು ಅವರು ನುಡಿಸುತ್ತಿದ್ದರೆ ಸ್ಟೇಷನ್ನಿಂದ ಬರುತ್ತಿದ್ದ ನನ್ನ ಕಾಲು ತಾನಾಗಿ ಬೇರೆ ಥರ ಬೀಳುತ್ತಿತ್ತು. ಒಂದು ದಿನ ಗೇಟಿನ ಹತ್ತಿರ ನಿಂತೇ ಬಿಟ್ಟೆ. ಅವರು ಒಳಗೆ ಕರೆದರು, ಹೆಂಡತಿ ಟೀ ಕೊಟ್ಟರು. ಗಿಟಾರು ಬಾರಿಸುತ್ತಿದ್ದ ಮಗ ಆಸ್ಟ್ರೇಲಿಯಾಕ್ಕೆ ಹೋದಮೇಲೆ ಪಿಟೀಲಿಗೆ ಜೊತೆಯಿಲ್ಲ ಎಂದರು. ಗಿಟಾರು ಮೂಲೆಯಲ್ಲಿ ನಿಂತಿತ್ತು.

"ನಾನು ಕಲೀತೀನಿ ಅಂಕಲ್," ಅಂದುಬಿಟ್ಟೆ.

ಅವರು ನನ್ನ ಎಡಗೈ ತಿರುಗಿಸಿ ನೋಡಿ, "ವೀಣೆ ನುಡಿಸಿ ಎರಡು ಬೆರಳಿನ ಚರ್ಮ ಆಗಲೇ ಹದ ಮಾಡಿಟ್ಟಿದ್ದೀಯಲ್ಲ, ಇನ್ನೆರಡು ತಾನೇ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

ಗಿಟಾರು ಹೊತ್ತು ಮನೆಗೆ ಬಂದಾಗ ಅಮ್ಮ ಹಣೆ ಚಚ್ಚಿಕೊಂಡಳು. "ಊರಿಗೊಂದು ದಾರಿಯಾದ್ರೆ ಇವಳಿಗೊಂದು ದಾರಿ." ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿ, "ಸೊಂಟ ಮಾತ್ರ ಚೆನ್ನಾಗಿದೆ," ಅಂದರು. ಅಪ್ಪ ಕೂಗಾಡುವವರಲ್ಲ. ಕನ್ನಡಕ ತೆಗೆದಿಟ್ಟು ತೀರ್ಪು ಕೊಟ್ಟರು. "ಒಂದು ತಿಂಗಳು ಟೈಮು ಕೊಡ್ತೀನಿ. ಆಮೇಲೆ ಮೇಷ್ಟ್ರು ಕೇಳಲಿ. ಇದರಲ್ಲಿ ತಾಳ ಇದೆ ಅಂತ ಅವರು ಒಪ್ಪಿದ್ರೆ ಇರಲಿ. ಇಲ್ಲಾಂದ್ರೆ ಅದನ್ನ ವಾಪಸ್ ಕೊಟ್ಟು, ಬಾಯಿ ಮುಚ್ಚಿಕೊಂಡು ವೀಣೆ ಮುಂದೆ ಕೂತ್ಕೋಬೇಕು. ಯಾರು ನೋಡಕ್ಕೆ ಬಂದ್ರೂ ನುಡಿಸಬೇಕು."

"ಸರಿ," ಅಂದೆ. ಸೋಲುವ ಯೋಚನೆಯೇ ನನಗಿರಲಿಲ್ಲ. ಎಂಥಾ ಕೊಬ್ಬು!

ತಂತಿ ಒತ್ತುವ ಎಡಗೈಗೆ ಮೂರೇ ಹಿಡಿತ, ಎರಡು ವಾರದಲ್ಲಿ ಬಂದವು. ಕಷ್ಟ ಬಂದದ್ದು ಬಲಗೈಯಿಂದ. ಸೆಲ್ಯುಲಾಯ್ಡಿನ ಹಳೆ ಸೋಪಿನ ಡಬ್ಬಿಯಿಂದ ಅಂಕಲ್ ಒಂದು ಚೂರು ಕತ್ತರಿಸಿ ಕೊಟ್ಟಿದ್ದರು. ಅದನ್ನು ಹಿಡಿದು ತಂತಿಗಳಿಗೆ ಹೊಡೆಯಬೇಕು, ಕೆಳಗೆ, ಮೇಲೆ, ಕೆಳಗೆ. ಮತ್ತೆ ಕೆಳಗೆ, ಮೇಲೆ, ಕೆಳಗೆ. ಮೂರರ ಎರಡು ಗುಂಪು, ಪ್ರತಿ ಗುಂಪಿನ ಮೊದಲ ಏಟು ಗಟ್ಟಿ. ಇಷ್ಟೇ. ನಾನು ಬಾರಿಸಿದರೆ ಮಾತ್ರ ಮಟ್ಟು ಕುಂಟುತ್ತಿತ್ತು. ಅಂಕಲ್ ಪಿಟೀಲು ನಿಲ್ಲಿಸಿ ತಲೆ ಕೆರೆದುಕೊಳ್ಳುತ್ತಿದ್ದರು. "ಮೇಲೆ ಹೋಗೋವಾಗ ಯಾಕೆ ಅಷ್ಟು ಜೋರು?" ಎನ್ನುತ್ತಿದ್ದರು. ಯಾಕೆಂದು ನನಗೆ ಗೊತ್ತಿದ್ದರೆ ತಾನೇ? ಸಣ್ಣದಾಗಿ ಹೊಡೆಯಬೇಕು ಎಂದುಕೊಂಡಷ್ಟೂ ಕೈ ಮೇಲಕ್ಕೆ ಚಿಮ್ಮುತ್ತಿತ್ತು. ಇಪ್ಪತ್ತು ದಿನ ಹೀಗೇ ಕಳೆದವು.

ಒಂದು ಭಾನುವಾರ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಾರಿಸುತ್ತಿದ್ದೆ. ಅತ್ತೆ ಒಳಗೆ ಬೀನ್ಸ್ ಹೆಚ್ಚುತ್ತಿದ್ದರು. ಈಳಿಗೆಮಣೆ ನಿಂತಿತು.

"ಈ ಗಿಟಾರೇ ಸರಿಯಿಲ್ಲ ಅತ್ತೆ," ಎಂದೆ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ." ಅತ್ತೆ ಬಾಗಿಲಿಗೆ ಬಂದರು. "ಅದು ಕಿರುಬೆರಳಿನ ಬುದ್ಧಿ ಕಣೇ. ವೀಣೇಲಿ ಕೈ ಮೇಲಕ್ಕೆ ಹೋಗೋದು ಯಾತಕ್ಕೆ? ಕಿರುಬೆರಳಲ್ಲಿ ತಾಳದ ತಂತಿ ಮೀಟಕ್ಕೆ. ಹತ್ತು ವರ್ಷ ಅದನ್ನೇ ಮಾಡಿದ್ದೀಯ. ಮೇಲೆ ಅಂದ ತಕ್ಷಣ ತಾಳ ಬಿತ್ತು ಅಂತ ನಿನ್ನ ಕೈಗೆ ಅನ್ನಿಸುತ್ತೆ, ಹೊಡಿಯುತ್ತೆ."

ನಾನು ಸೆಲ್ಯುಲಾಯ್ಡಿನ ಚೂರನ್ನು ಮತ್ತೆ ಬೆರಳಲ್ಲಿ ಹಿಡಿದೆ.

"ತಕಿಟ ಅನ್ನು. ತ ಕೆಳಗೆ, ಕಿ ಮೇಲೆ, ಟ ಕೆಳಗೆ. ಕಿ ಅನ್ನೋವಾಗ ಯಾರಾದ್ರೂ ಕೂಗ್ತಾರೇನೇ? ಬಾಯಲ್ಲಿ ಹೆಂಗೆ ಮೆತ್ತಗೆ ಬರುತ್ತೋ ಕೈಯಲ್ಲೂ ಹಂಗೇ ಬರಲಿ."

ಅನ್ನುತ್ತಾ ಬಾರಿಸಿದೆ. ತಕಿಟ ತಕಿಟ. ಮೊದಲು ಎಡವಿತು, ಆಮೇಲೆ ಎಡವಿತು, ಆಮೇಲೆ ಹೊರಟಿತು. ಅತ್ತೆ ಹೋಗಿ ಕೂತರು, ಬೀನ್ಸು ಹೆಚ್ಚುವ ಸದ್ದು ಮತ್ತೆ ಶುರುವಾಯಿತು. ನಿಮ್ಮಿಂದ ವೀಣೆ ಯಾಕೆ ಕಿತ್ತುಕೊಂಡರು ಅತ್ತೆ, ನೀವು ಯಾಕೆ ಕೊಟ್ಟಿರಿ ಎಂದು ಕೇಳಬೇಕೆನಿಸಿತು. ಕೇಳುವ ಧೈರ್ಯ ನನ್ನಂಥ ಕೊಬ್ಬಿದವಳಿಗೂ ಬರಲಿಲ್ಲ.

ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ಮೇಷ್ಟ್ರು ಮಾಂಬಳದಿಂದ ಬಂದರು. ಅಂಕಲ್ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಪಿಟೀಲು ತಂದರು. ಅವರನ್ನು ಒಳಗೆ ಕೂರಿಸಲು ಅಮ್ಮನಿಗೆ ಮನಸ್ಸಿರಲಿಲ್ಲ. ಹಾಗಾಗಿ ಎಲ್ಲರೂ ಜಗಲಿಯ ಮೇಲೇ ಕೂತೆವು, ಮೇಷ್ಟ್ರಿಗೆ ಚಾಪೆ, ಅಂಕಲ್‌ಗೆ ಕುರ್ಚಿ. ಅತ್ತೆ ಎಂದಿನಂತೆ ಒಳಗಿದ್ದರು. ಹೊರಗಿನ ಗಂಡಸರು ಬಂದಾಗ ಅವರು ಜಗಲಿಗೆ ಕಾಲಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಶುರುಮಾಡಿದೆವು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಆರು ಎಣಿಸಿದ್ದಾರೆ, ಆರು ಅಂದರೆ ರೂಪಕ ಅಂದುಕೊಂಡಿದ್ದಾರೆ, ತೊಡೆಯ ಮೇಲೆ ರೂಪಕ ತಾಳ ಹಾಕತೊಡಗಿದರು. ಅಂದರೆ ಎರಡರ ಮೂರು ಗುಂಪು. ನಮ್ಮದು ಮೂರರ ಎರಡು ಗುಂಪು. ಅವರ ಕೈ ಒಂದು ಕಡೆ, ನಮ್ಮ ಏಟು ಒಂದು ಕಡೆ. ಅವರ ಹುಬ್ಬು ಗಂಟಾಯಿತು.

"ತಾಳ ಓಡಿಹೋಗ್ತಾ ಇದೆಯಲ್ಲಮ್ಮ," ಎಂದರು.

ಅಪ್ಪ ನನ್ನ ಕಡೆ ತಿರುಗಿದರು. ಹತ್ತು ವರ್ಷ ಮೇಷ್ಟ್ರ ಆ ಕೈ ನೋಡಿಕೊಂಡೇ ನುಡಿಸಿದವಳು ನಾನು. ಅದು ಬಿದ್ದಲ್ಲಿ ನನ್ನ ಬೆರಳೂ ಬೀಳುತ್ತಿತ್ತು. ಈಗಲೂ ಬೆರಳು ಅತ್ತ ಎಳೆಯಿತು. ಎಳೆಯಲಿ ಎಂದುಕೊಂಡೆ. ಅವರ ಕೈಯಿಂದ ಕಣ್ಣು ಕಿತ್ತು ಬೀದಿಯ ಕಡೆ ನೆಟ್ಟು ತಕಿಟ ತಕಿಟ ಎಂದು ಬಾರಿಸುತ್ತಲೇ ಇದ್ದೆ. ಮೇಷ್ಟ್ರು ಇನ್ನೂ ಗಟ್ಟಿಯಾಗಿ ತೊಡೆ ತಟ್ಟಿದರು. "ನಿಲ್ಸಮ್ಮ, ಸಾಕು," ಎಂದರು ಅಪ್ಪ. ನಾನು ನಿಲ್ಲಿಸಲಿಲ್ಲ.

ಆಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಗುಂಪಿಗೊಂದು, ತ ಬಿದ್ದಲ್ಲಿ ಸರಿಯಾಗಿ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿ ಮಾಡಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ರೂಪಕ ಅಲ್ಲ ಮೇಷ್ಟ್ರೇ," ಎಂದರು. "ಆದಿತಾಳಾನೇ ಹಾಕಿ. ನಡೆ ತಿಶ್ರ."

ಮೇಷ್ಟ್ರು ಕಣ್ಣು ತೆರೆದರು. ಹೊಸ್ತಿಲ ಕಡೆ ನೋಡಿದರು, ನನ್ನ ಬಲಗೈ ನೋಡಿದರು. ಅವರ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ಅತ್ತೆಯ ಚಪ್ಪಾಳೆಯ ಜೊತೆ ಕೆಳಗೆ ಬಂತು. ಎಣಿಕೆಗೊಂದು ತಕಿಟದಂತೆ ಎಂಟು ಎಣಿಕೆ ಹೋಯಿತು, ಇನ್ನೊಂದು ಎಂಟು ಹೋಯಿತು, ಮಟ್ಟಿನ ಮೊದಲ ಭಾಗ ಅಚ್ಚುಕಟ್ಟಾಗಿ ಬಂದು ಕೂತಿತು. "ನನ್ನ ಕೈ ತಪ್ಪಿತ್ತು," ಎಂದರು ಮೇಷ್ಟ್ರು, ಅಪ್ಪನಿಗೆ ಕೇಳುವ ಹಾಗೆ. "ಹುಡುಗಿಯದು ಸರಿಯಾಗಿದೆ."

ಗಿಟಾರು ಉಳಿಯಿತು. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಅಪ್ಪನಿಗೂ ಗೊತ್ತಾಯಿತು, ಆದರೆ ಅವರು ನನ್ನನ್ನು ನೋಡುತ್ತಿರಲಿಲ್ಲ. ಬೀದಿಯಲ್ಲಿ ಪಕ್ಕದ ಮನೆಯವರು ನಿಂತು ಕೇಳುತ್ತಿದ್ದರು, ಅಪ್ಪನ ಮುಖ ಕೆಂಪಾಗಿತ್ತು.

"ಅಕ್ಕಾ, ಒಳಗೆ ಹೋಗು," ಎಂದರು ಮೆಲ್ಲಗೆ.

ಮೂವತ್ತು ವರ್ಷ ಆ ಮಾತಿಗೆ ಒಳಗೆ ಹೋದವರು ಅತ್ತೆ. ಅವತ್ತು ಚಪ್ಪಾಳೆ ನಿಲ್ಲಿಸದೆ ಹೇಳಿದರು, "ಇದು ಮುಗೀಲಿ, ಹೋಗ್ತೀನಿ."

ಅಂಕಲ್‌ಗೆ ಕನ್ನಡ ಒಂದಕ್ಷರ ಬಾರದು. ಮಟ್ಟಿನ ಕೊನೆ ಹತ್ತಿರವಾಗುತ್ತಿತ್ತು, ಇನ್ನು ಎಂಟೇ ಎಣಿಕೆ. ನಾನು ಅವರ ಮುಖ ನೋಡಿ ಇಂಗ್ಲಿಷಿನಲ್ಲಿ ಹೇಳಿದೆ, "ಮೊದಲಿಂದ, ಅಂಕಲ್. ನಿಲ್ಲಿಸಬೇಡಿ."