ಅವ್ವನ ಫ್ರಿಜ್ಜಿನಲ್ಲಿ ಒಂದು ಶೀಶೆ

ನಮ್ಮ ಅವ್ವನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಮೂಡಲಗಿಯಲ್ಲಿ ಯಾರೂ ಇಲ್ಲ. ನನಗೆ ಗೊತ್ತಿತ್ತು, ಆದರೂ ಹೇಳಿದೆ.

ಗೋಕಾಕದ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷ. ಅರಿಶಿನದ ಹಳದಿ ಅಂಶ ರಕ್ತದಲ್ಲಿ ಹೇಗೆ ಸಾಗುತ್ತದೆ ಎಂಬುದು ನನ್ನ ಪ್ರಾಜೆಕ್ಟು. ಅದಕ್ಕೆ ಬೇಕಾದದ್ದು ಮನುಷ್ಯರ ರಕ್ತದಿಂದ ಬೇರ್ಪಡಿಸಿದ ಆಲ್ಬುಮಿನ್ ಎಂಬ ಪ್ರೋಟೀನು. ರಕ್ತದಲ್ಲಿ ಅದರದು ಹಮಾಲಿ ಕೆಲಸ: ಕೊಬ್ಬು, ಹಾರ್ಮೋನು, ನಾವು ನುಂಗಿದ ಗುಳಿಗೆ, ಸಿಕ್ಕಿದ್ದನ್ನು ಹೊತ್ತು ತಿರುಗುತ್ತದೆ. ಹೊಸ ಔಷಧಿಗಳನ್ನೂ ಪ್ರಯೋಗಾಲಯದಲ್ಲಿ ಅದರ ಹೆಗಲಿಗೇರಿಸಿ ನೋಡುತ್ತಾರೆ. ನೇರಳಾತೀತ ಬೆಳಕಿನಲ್ಲಿ ಅದು ಹೊಳೆಯುತ್ತದೆ. ಅರಿಶಿನ ಅಂಟಿಕೊಂಡರೆ ಹೊಳಪು ಕುಂದುತ್ತದೆ. ಎಷ್ಟು ಕುಂದಿತೆಂದು ನಾನು ಅಳೆಯಬೇಕಿತ್ತು, ಅಷ್ಟೇ.

ಆ ಪ್ರೋಟೀನಿನ ಬಿಳಿ ಪುಡಿಯಿದ್ದ ಬೆರಳುದ್ದದ ಶೀಶೆ ಬರಲು ಮೂರು ತಿಂಗಳು ಹಿಡಿಯಿತು. ಬಂದ ವಾರವೇ ಕಾಲೇಜಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಶೀಶೆ ತಂಪಿನಲ್ಲೇ ಇರಬೇಕು. ಅದು ಕೆಟ್ಟರೆ ಇನ್ನೊಂದಿಲ್ಲ, ಪ್ರಾಜೆಕ್ಟೂ ಇಲ್ಲ. ಪ್ರಾಜೆಕ್ಟು ನೋಡಿಕೊಳ್ಳುವ ಸರ್ ಅವರನ್ನು ಕೇಳಿ, ಡಬ್ಬಿಗೆ ಐಸು ತುಂಬಿ, ಕಲ್ಲೋಳಿ ಮಾರ್ಗದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ.

"ಏನ ಅದು?" ಅಂದಳು ಅವ್ವ.

ರಕ್ತ ಎಂದರೆ ಗಾಬರಿಯಾದಾಳೆಂದು, "ತತ್ತ್ಯಾಗಿನ ಬಿಳಿ ಇರ್ತೈತಲ್ಲ ಅವ್ವಾ, ಅಂಥಾದ್ದ" ಎಂದೆ. ನನ್ನ ಜಾಣತನ ನೋಡಿ! ಲಿಂಗಪೂಜೆಯಾಗದೆ ಗುಟುಕು ನೀರು ಕುಡಿಯದ ಹೆಂಗಸಿನ ಮುಂದೆ ಮೊಟ್ಟೆಯ ಹೆಸರೆತ್ತಿದ್ದೆ.

ಶೀಶೆಯನ್ನು ಫ್ರಿಜ್ಜಿನಲ್ಲಿಟ್ಟು ಜಳಕಕ್ಕೆ ಹೋದೆ. ಮುಗಿಸಿ ಬಂದು ಬಾಗಿಲು ತೆಗೆದರೆ ಶೀಶೆಯಿಲ್ಲ.

"ಹಿತ್ತಲದಾಗ ಒಗಿಯೋ ಕಲ್ಲಿನ ಮ್ಯಾಲ ಐತಿ. ಬೆಕ್ಕ ಮುಟ್ಟಬಾರದಂತ ಬಟ್ಟಲ ಮುಚ್ಚೇನಿ. ಮಸರಿನ ಬಾಜೂ ತತ್ತಿ ಇಡೂದು ನಮ್ಮ ಮನ್ಯಾಗ ನಡ್ಯಾಂಗಿಲ್ಲ."

ಓಡಿ ಎತ್ತಿಕೊಂಡೆ. ಪುಣ್ಯಕ್ಕೆ ಗಾಜು ಇನ್ನೂ ತಣ್ಣಗಿತ್ತು. ಸಿಟ್ಟೂ ಅಳುವೂ ಒಟ್ಟಿಗೇ ಬಂದು, "ಅದು ತತ್ತಿ ಅಲ್ಲ! ಮನಷ್ಯಾರ ರಕ್ತದಾಗಿಂದು!" ಎಂದು ಕಿರುಚಿಬಿಟ್ಟೆ. ಇನ್ನು ಶೀಶೆಗೂ ನನಗೂ ಹಿತ್ತಲೇ ಗತಿ ಅಂದುಕೊಂಡೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಯಾರದು?"

"ಗೊತ್ತಿಲ್ಲ. ಯಾರೋ ಕೊಟ್ಟಿದ್ದು."

"ಹುಚ್ಚಿ, ಇದನ್ನ ಮೊದಲ ಹೇಳಬಾರದಾ? ನಿನ್ನ ಹಡಿಯಾಕ ಹುಕ್ಕೇರಿಗೆ ತವರಮನಿಗೆ ಹೋದಾಗ, ರಕ್ತ ಹೋಗಿ ನನ್ನ ಜೀವಾನ ಹೋಗೂದಿತ್ತು. ಗೋಕಾಕದಿಂದ ಎರಡ ಬಾಟ್ಲಿ ತಂದ ಏರಿಸಿದ್ರು. ಯಾರದಂತ ನಾನೂ ಕೇಳಲಿಲ್ಲ."

ಇಷ್ಟು ವರ್ಷ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ನನ್ನಿಂದಾಗಿ ಜೀವಕ್ಕೆ ಕುತ್ತು ಬಂದಿತ್ತೆಂದು ನನಗೇ ಹೇಳಲು ಮನಸ್ಸಾಗಿರಲಿಕ್ಕಿಲ್ಲ.

ಅವಳು ಹಿಟ್ಟಿನ ಕೈ ತೊಳೆದು, ಶೀಶೆ ಇಸಿದುಕೊಂಡು, ಮೊಸರಿನ ಗಡಿಗೆಯನ್ನು ಅತ್ತ ಸರಿಸಿ ಜಾಗ ಮಾಡಿ ಇಟ್ಟಳು. ಬಾಗಿಲು ಹಾಕುವ ಮುಂಚೆ, "ಕೊಟ್ಟಾವರ ಹೊಟ್ಟಿ ತಣ್ಣಗಿರಲಿ" ಅಂದಳು.

ಕಾಲೇಜಿಗೆ ಕರೆಂಟು ಬಂದ ಮೇಲೆ ಶೀಶೆ ವಾಪಸು ಒಯ್ದೆ, ಪ್ರಯೋಗ ಸರಿಯಾಗಿಯೇ ಬಂತು. ವರದಿಯಲ್ಲಿ ನೆರವಾದವರನ್ನು ನೆನೆಯುವ ಪುಟವೊಂದಿರುತ್ತದೆ. ಹೆಸರು ಗೊತ್ತಿಲ್ಲದವರಿಗೆಂದು ಅಲ್ಲಿ ಅವ್ವನ ಮಾತನ್ನೇ ಬರೆದೆ. ಶೀಶೆಯೊಳಗಿದ್ದವರಿಗೆ, ಮತ್ತು ಆ ಎರಡು ಬಾಟ್ಲಿ ಕೊಟ್ಟು ನನಗೆ ಅವ್ವನನ್ನು ಉಳಿಸಿದವರಿಗೆ.